ಹಿರಿಯರ ಹೆಜ್ಜೆ

ಮಗು ಬಿದ್ದರೆ ಮನೆಯವರೆಲ್ಲ ಓಡಿಬರುತ್ತಾರೆ. ಅಜ್ಜ ಬಿದ್ದರೆ ತಾವೇ ಅದನ್ನು ಮರೆಮಾಚುವುದುಂಟು. ‘ಇನ್ನು ಒಬ್ಬರೇ ಓಡಾಡಬೇಡಿ’ ಎಂದಾರೆಂಬ ಅಂಜಿಕೆ ಅವರಿಗೆ. ಆದರೆ ಹೀಗೆ ಮುಚ್ಚಿಟ್ಟ ಸಣ್ಣ ಪೆಟ್ಟು ಮುಂದಿನ ದೊಡ್ಡ ಪೆಟ್ಟಿಗೆ ಮುನ್ಸೂಚನೆಯಾಗಬಹುದು. ‘ಎಡವಿದ ಕಾಲೇ ಎಡವುತ್ತದೆ’ ಎಂಬ ಗಾದೆಯನ್ನು ಈ ಮಟ್ಟಿಗೆ ವೈದ್ಯರೂ ಒಪ್ಪುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿಯಂತೆ, 65 ದಾಟಿದವರಲ್ಲಿ ನೂರಕ್ಕೆ 28ರಿಂದ 35 ಮಂದಿ ವರ್ಷವರ್ಷವೂ ಬೀಳುತ್ತಾರೆ.

ಇದು ಹಣೆಬರಹವಲ್ಲ, ಕಾರಣಗಳುಂಟು, ಪರಿಹಾರಗಳೂ ಉಂಟು. ಮೊದಲು ಮನೆಯನ್ನು ನೋಡಿರಿ. ಅಭ್ಯಂಜನದ ದಿನ ಬಚ್ಚಲಿನಲ್ಲಿ ಎಣ್ಣೆ, ಸೀಗೆಪುಡಿ, ನೀರು ಮೂರೂ ಸೇರಿದರೆ ತರುಣರೂ ಜಾರುವರು. ನೆಲವನ್ನು ಉಜ್ಜಿಸಿ ಒಣಗಿಸಿರಿ. ಗೋಡೆಗೆ ಭದ್ರವಾದ ಹಿಡಿಕೆ ಹಾಕಿಸಿರಿ. ಮೀಯಲು ಅಲುಗದ ಮಣೆಯನ್ನೋ ಕುರ್ಚಿಯನ್ನೋ ಇಡಿರಿ. ಹಿತ್ತಿಲ ಕಲ್ಲಿನ ಪಾಚಿಯನ್ನು ಮಳೆಗಾಲದಲ್ಲಿ ಆಗಾಗ ಕೆರೆಸಿರಿ. ಹೊಸ್ತಿಲ ಬಳಿ ಬೆಳಕಿರಲಿ. ಮಡಿಚಿಕೊಳ್ಳುವ ಚಾಪೆ, ಸವೆದ ಚಪ್ಪಲಿ, ನೆಲ ಗುಡಿಸುವ ಪಂಚೆ ಇವು ಬೇಡ.

ಇನ್ನು ದೇಹದ ವಿಚಾರ. ಮಲಗಿದವರು ಥಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ತಲೆ ತಿರುಗಬಹುದು; ಹಾಸಿಗೆಯಂಚಿನಲ್ಲಿ ತುಸು ಕುಳಿತು ಏಳುವುದು ಒಳಿತು. ನಿದ್ರೆಯ ಮಾತ್ರೆ, ರಕ್ತದೊತ್ತಡದ ಮಾತ್ರೆಗಳೂ ತೂಕಡಿಕೆ, ತಲೆಸುತ್ತು ತರಬಲ್ಲವು. ಅವನ್ನು ತಾವಾಗಿ ನಿಲ್ಲಿಸದೆ ವೈದ್ಯರಿಗೆ ತೋರಿಸಿರಿ. ಕಣ್ಣಿನ ಪೊರೆಯನ್ನೂ ಪರೀಕ್ಷೆ ಮಾಡಿಸಿರಿ.

ಬಿದ್ದೇನೆಂಬ ಭಯದಿಂದ ಕುರ್ಚಿ ಬಿಟ್ಟೇಳದವರ ತೊಡೆಯ ಬಲ ಕುಂದುತ್ತದೆ. ಬಲ ಕುಂದಿದಷ್ಟೂ ಬೀಳುವ ಅಪಾಯ ಹೆಚ್ಚು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು ರೂಪಿಸಿದ, ಮನೆಯಲ್ಲೇ ಮಾಡುವ ಕಾಲಿನ ವ್ಯಾಯಾಮ ಹಾಗೂ ನಡಿಗೆಯ ಕ್ರಮದಿಂದ ಬೀಳುವಿಕೆ ನೂರಕ್ಕೆ 35ರಷ್ಟು ತಗ್ಗಿದ್ದು ಕಂಡುಬಂದಿದೆ. ಬೆಳಗಿನ ವಾರ್ತೆ ಕೇಳುತ್ತಲೇ ಗಟ್ಟಿ ಕುರ್ಚಿಯಿಂದ ನಿಧಾನವಾಗಿ ಕೆಲವು ಸಲ ಎದ್ದು ಕೂರುವುದು ಒಳ್ಳೆಯ ಆರಂಭ.

ಊರುವ ಕೋಲೇ ಊರುಗೋಲು. ಅದು ಕೈಯಲ್ಲಿ ತೂಗಾಡಿಸುವುದಕ್ಕಲ್ಲ. ನೆಟ್ಟಗೆ ನಿಂತು ತೋಳು ಇಳಿಬಿಟ್ಟಾಗ ಅದರ ಹಿಡಿ ಮಣಿಕಟ್ಟಿನ ಮಟ್ಟಕ್ಕಿರಬೇಕು, ತುದಿಗೆ ರಬ್ಬರಿರಬೇಕು. ಒಂದು ಕಾಲು ಸೋತಿದ್ದರೆ ಕೋಲು ಎದುರುಕಡೆಯ ಕೈಯಲ್ಲಿರಬೇಕು.

ಇಷ್ಟಾಗಿಯೂ ಬಿದ್ದರೆ ಗಾಬರಿಯಿಂದ ಎಳೆದೆಬ್ಬಿಸಬೇಡಿರಿ. ಕಾಲೂರಲಾಗದಿದ್ದರೆ, ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ, ಸೊಂಟದ ಕೀಲಿನ ಮೂಳೆ ಮುರಿದಿರಬಹುದು. ನೀವಿ ತಿಕ್ಕದೆ ಆಸ್ಪತ್ರೆಗೆ ಒಯ್ಯಿರಿ. ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರ ತಲೆಗೆ ಪೆಟ್ಟಾದರೆ, ಗಾಯ ಕಾಣದಿದ್ದರೂ ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು.

ಹಿರಿಯರು ಬಿದ್ದೆನೆಂದಾಗ ಗದರದೆ, ಎಲ್ಲಿ, ಹೇಗೆ ಎಂದು ಕೇಳಿರಿ. ಈ ರಾತ್ರಿಯೇ ಅವರ ಹಾಸಿಗೆಯಿಂದ ಬಚ್ಚಲಿನವರೆಗೆ ಒಮ್ಮೆ ನಡೆದು ನೋಡಿರಿ. ನಿಮ್ಮ ಕಾಲಿಗೆ ತಾಗಿದ್ದು ಅವರ ಕಾಲಿಗೂ ತಾಗುತ್ತದೆ. ಅದನ್ನು ಅಲ್ಲಿಂದ ತೆಗೆದಿಡಿರಿ.