ಅಜ್ಜಿಯ ಹೆಸರು ನುಂಗಿದ ಫಾಂಟು!

ಅಕ್ಕನ ಮದುವೆಗೆ ಇನ್ನಿಪ್ಪತ್ತು ದಿನ. ಬಂಗಾರಪೇಟೆಯಲ್ಲಿ ಛತ್ರ, ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಲಗ್ನಪತ್ರಿಕೆ ಪ್ರಿಂಟು. ಕಾರ್ಡು ಚೆನ್ನಾಗೇ ಬಂತು. ಪ್ರೆಸ್‌ನ ಫೈಲಿನಿಂದ ಅದೇ ಒಕ್ಕಣೆ ಕಾಪಿ ಮಾಡಿ ಮದುವೆಯ ವೆಬ್‌ಪೇಜಿಗೆ ಹಾಕಿದೆ ನೋಡಿ, ಪೂರ್ತಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ!

"ಲಕ್ಷ್ಮಮ್ಮ ಅಂತ ಎಲ್ಲೋ ಇದೆ?" ಅಂದ್ರು ಅಜ್ಜಿ.

ಫೈಲು ಟಿಟಿಎಫ್ಫೇ. ಆದರೆ ಒಳಗಿದ್ದದ್ದು ಹಳೇ ಆಸ್ಕಿ ಪದ್ಧತಿ: ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ್ದು. ಆ ಫಾಂಟಿಲ್ಲದ ಮೊಬೈಲಿಗೆ ಅದು ಕನ್ನಡವೇ ಅಲ್ಲ. ನುಡಿ, ಬರಹದ ಹಳೇ ಫಾಂಟುಗಳೂ ಹೀಗೇ. ಈಗ ಎರಡರಲ್ಲೂ ಯೂನಿಕೋಡ್ ಇದೆ.

ಹಾಗಾದ್ರೆ ಯಾವುದು ಎಲ್ಲಿಗೆ?

ಪ್ರಿಂಟಿಗೆ: ಯೂನಿಕೋಡ್ ಫಾಂಟಿನ ಟಿಟಿಎಫ್ ಅಥವಾ ಒಟಿಎಫ್. ಒತ್ತಕ್ಷರ ಕೂಡಿಸುವ ಓಪನ್‌ಟೈಪ್ ನಿಯಮಗಳು ಎರಡರಲ್ಲೂ ಇರಬಹುದು. ಪ್ರೆಸ್‌ಗೆ ಫಾಂಟ್ ಎಂಬೆಡ್ ಆದ ಪಿಡಿಎಫ್ ಕೊಡಿ. ಒತ್ತುಗಳನ್ನು ಒಮ್ಮೆ ಕಣ್ಣಾರೆ ನೋಡಿ.

ವೆಬ್ಬಿಗೆ: ವಾಫ್2. ಅದೇ ಫಾಂಟನ್ನು ಬ್ರಾಟ್ಲಿ ವಿಧಾನದಲ್ಲಿ ಕುಗ್ಗಿಸಿದ ರೂಪ. 2018ರಲ್ಲಿ ಡಬ್ಲ್ಯು3ಸಿ ಮಾನ್ಯ ಮಾಡಿತು. ಫೈಲು ಚಿಕ್ಕದು, ಪೇಜು ಬೇಗ ತೆರೆಯುತ್ತೆ. ಪ್ರೆಸ್‌ಗೆ ಮಾತ್ರ ಇದನ್ನು ಕಳಿಸಬೇಡಿ.

ಮರುದಿನ ಬೆಂಗಳೂರಿನ ಟ್ರೇನಿನಲ್ಲಿ ಕೂತು ಇಡೀ ಒಕ್ಕಣೆಯನ್ನು ಯೂನಿಕೋಡ್‌ನಲ್ಲಿ ಮತ್ತೆ ಟೈಪ್ ಮಾಡಿದೆ. ಉಚಿತವಾಗಿ ಸಿಗುವ ನೋಟೋ ಸಾನ್ಸ್ ಕನ್ನಡವನ್ನು ವಾಫ್2 ರೂಪದಲ್ಲಿ ಹಾಕಿದೆ.

ಸಂಜೆ ಅಜ್ಜಿ ಕನ್ನಡಕ ಏರಿಸಿ, ಮೊಬೈಲಿನ ಮೇಲೆ ಬೆರಳಿಟ್ಟು ಓದಿದ್ರು: "ಲ-ಕ್ಷ್ಮ-ಮ್ಮ. ಹೂಂ, ಈಗ ಕಳಿಸು ಎಲ್ರಿಗೂ."