ಉದ್ದ ಕಾಲು, ಪುಟ್ಟ ಕಾರು

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ನಮ್ಮ ಹಿರಿಯರು ಹೇಳಿದ್ದಾರೆ. ಖರ್ಚುವೆಚ್ಚದ ವಿಚಾರದಲ್ಲಿ ಈ ಮಾತು ಸರಿ. ಆದರೆ ಹಾಸಿಗೆಯೂ ನಿಜವಾಗಿ, ಕಾಲೂ ನಿಜವಾಗಿ, ಎರಡರ ಅಳತೆಯೂ ಕೂಡದೆ ಹೋದಾಗ ಏನು ಮಾಡಬೇಕೆಂಬುದನ್ನು ಗಾದೆ ಹೇಳುವುದಿಲ್ಲ. ಅಂತಹ ಒಂದು ಸಂದರ್ಭ ನನಗೆ ಒದಗಿತು. ಅದರಿಂದ ನಾನು ಕಲಿತದ್ದನ್ನು ಕೇಳುಗರ ಮುಂದಿಡುವುದೇ ಈ ಭಾಷಣದ ಉದ್ದೇಶ.

ಹೊಸದುರ್ಗದಲ್ಲಿ ನನಗೊಬ್ಬ ಹಿರಿಯ ಮಿತ್ರರಿದ್ದಾರೆ. ಹಿಂದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರಾದ್ದರಿಂದ ಊರಿಗೆಲ್ಲ ಅವರು ಮೇಷ್ಟ್ರು. ಅವರ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ 1929ರ ಆಸ್ಟಿನ್ ಸೆವೆನ್ ಕಾರೊಂದಿದೆ. ಎರಡೇ ಆಸನದ, ಮೇಲ್ಛಾವಣಿಯಿಲ್ಲದ, ಹಿಂಭಾಗ ಮೊನಚಾದ ಕ್ರೀಡಾಮಾದರಿ. ಕಣ್ಣಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವರು ಕಾರು ಓಡಿಸುವುದನ್ನು ಬಿಟ್ಟರು. ಮೊಮ್ಮಗಳ ಮದುವೆ ಚಿತ್ರದುರ್ಗದಲ್ಲಿ ನಿಶ್ಚಯವಾದಾಗ, ತಮ್ಮ ತಂದೆಯ ಕಾಲದ ಆ ಕಾರು ಮಂಟಪದ ಬಾಗಿಲಿಗೆ ಬರಬೇಕೆಂಬ ಆಸೆ ಅವರಿಗೆ. "ನೀನೇ ಓಡಿಸಬೇಕಪ್ಪಾ" ಎಂದರು. ನಾನು ಒಪ್ಪಿಕೊಂಡೆ. ಆಮೇಲೆ ಅಳತೆ ನೋಡಿದೆ.

ಆ ಕಾರಿನ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವಿನ ಅಂತರ 6 ಅಡಿ 3 ಅಂಗುಲ. ನನ್ನ ಎತ್ತರವೂ ಸರಿಯಾಗಿ ಅಷ್ಟೇ.

ಇಷ್ಟು ಚಿಕ್ಕ ಕಾರನ್ನು ಯಾರು, ಏಕೆ ಮಾಡಿದರು? ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ಸಾಮಾನ್ಯ ಸಂಸಾರಸ್ಥನಿಗೆ ಕಾರು ಕೈಗೆಟುಕದ ವಸ್ತುವಾಗಿತ್ತು. ಅವನು ಮೋಟಾರ್ ಸೈಕಲ್ಲಿನ ಪಕ್ಕಕ್ಕೆ ಒಂದು ತೊಟ್ಟಿಲಗಾಡಿಯನ್ನು ಕಟ್ಟಿಕೊಂಡು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತಿದ್ದ. ಅಂಥವನಿಗೆ ನಿಜವಾದ ನಾಲ್ಕು ಚಕ್ರದ ಕಾರು ಕೊಡಬೇಕೆಂದು ಹರ್ಬರ್ಟ್ ಆಸ್ಟಿನ್ ಯೋಚಿಸಿದ. ಸ್ಟ್ಯಾನ್ಲಿ ಎಡ್ಜ್ ಎಂಬ ಹದಿನೆಂಟರ ಹರೆಯದ ನಕಾಶೆಗಾರನನ್ನು ಜೊತೆಗಿಟ್ಟುಕೊಂಡು, ತನ್ನ ಮನೆಯ ಬಿಲಿಯರ್ಡ್ಸ್ ಕೋಣೆಯಲ್ಲೇ ಅದರ ನಕ್ಷೆ ಬರೆಸಿದ. 1922ರಲ್ಲಿ ಹೊರಬಂದ ಆ ಕಾರು 1939ರವರೆಗೆ ಸುಮಾರು 2,90,000ದಷ್ಟು ತಯಾರಾಯಿತು. ಜರ್ಮನಿಯ ಬಿಎಂಡಬ್ಲ್ಯು ಸಂಸ್ಥೆ ಕಾರಿನ ಉದ್ಯಮಕ್ಕೆ ಕಾಲಿಟ್ಟದ್ದು ಇದನ್ನೇ ಪರವಾನಗಿ ಪಡೆದು ತಯಾರಿಸುವ ಮೂಲಕ. ಲೋಟಸ್ ಕಾರುಗಳ ಕಾಲಿನ್ ಚಾಪ್‌ಮನ್ 1948ರಲ್ಲಿ ತನ್ನ ಮೊದಲ ಕಾರನ್ನು ಕಟ್ಟಿದ್ದೂ ಹಳೆಯ ಆಸ್ಟಿನ್ ಸೆವೆನ್ನಿನ ಮೇಲೆಯೇ. 1919ರಿಂದ 1930ರವರೆಗಿನ ಇಂತಹ ಕಾರುಗಳನ್ನು ಇಂಗ್ಲೆಂಡಿನವರು ವಿಂಟೇಜ್ ಕಾರುಗಳೆಂದು ಕರೆಯುತ್ತಾರೆ. ಧರ್ಮಸ್ಥಳದ ಕಾರು ಸಂಗ್ರಹಾಲಯವನ್ನು ನೋಡಿದವರಿಗೆ ಹಳೆಯ ಕಾರುಗಳ ಗಾಂಭೀರ್ಯದ ಪರಿಚಯವಿರುತ್ತದೆ. ಆಸ್ಟಿನ್ ಸೆವೆನ್ನಿನಲ್ಲಿ ಗಾಂಭೀರ್ಯವಿಲ್ಲ, ಚುರುಕಿದೆ.

ಕಾರನ್ನು ಚಿಕ್ಕ ಲಾರಿಯೊಂದರ ಮೇಲೇರಿಸಿ ಹೊಳಲ್ಕೆರೆಯ ನನ್ನ ಮನೆಯಂಗಳಕ್ಕೆ ತಂದೆವು. ಮೊದಲ ಪ್ರಶ್ನೆ ಒಳಗೆ ಹೋಗುವುದು. ಕಿರಿದಾದ ಜಾಗದೊಳಗೆ ತಲೆಯನ್ನು ಮೊದಲು ತೂರಿಸಿದವರ ಗತಿಯೇನೆಂದು ದುರ್ಗದವರಿಗೆ ಹೇಳಬೇಕಾಗಿಲ್ಲ. ಓಬವ್ವನ ಕಿಂಡಿ ನಮ್ಮಲ್ಲೇ ಇದೆ. ಆದರೂ ನಾನು ಅದೇ ತಪ್ಪನ್ನು ಮಾಡಿದೆ. ಒಂದು ಕಾಲಿಟ್ಟು, ತಲೆ ಬಗ್ಗಿಸಿ, ಸ್ಟಿಯರಿಂಗ್ ಚಕ್ರದ ಕೆಳಗೆ ಸಿಕ್ಕಿಕೊಂಡೆ. ಸರಿಯಾದ ಕ್ರಮವೇ ಬೇರೆ. ಕಾರಿಗೆ ಬೆನ್ನು ಮಾಡಿ, ಆಸನದ ಹಿಂದಿನ ಅಂಚಿನ ಮೇಲೆ ಕೂತು, ಎಡಗಾಲು, ಬಲಗಾಲು ಒಂದೊಂದಾಗಿ ಚಕ್ರದ ಕೆಳಗೆ ನೀಡಿ, ಕೊನೆಗೆ ಸೊಂಟವನ್ನು ಕೆಳಗೆ ಜಾರಿಸಬೇಕು.

ಒಳಗೆ ಹೋಗುವುದಕ್ಕಿಂತ ಹೊರಗೆ ಬರುವುದು ಮುಖ್ಯವೆಂಬುದು ನನಗೆ ಆಮೇಲೆ ಹೊಳೆಯಿತು. ಆ ಕಾಲದ ಆಸ್ಟಿನ್ ಸೆವೆನ್ನಿನಲ್ಲಿ ಪೆಟ್ರೋಲ್ ಟ್ಯಾಂಕು ಹಿಂದುಗಡೆ ಇರುವುದಿಲ್ಲ. ಎಂಜಿನ್ನಿಗೂ ಡ್ಯಾಶ್‌ಬೋರ್ಡಿಗೂ ನಡುವೆ, ಹೆಚ್ಚುಕಡಿಮೆ ಚಾಲಕನ ಪಾದಗಳ ಮೇಲ್ಭಾಗದಲ್ಲಿ ಇರುತ್ತದೆ. ಪೆಟ್ರೋಲು ತನ್ನ ಭಾರದಿಂದಲೇ ಕೆಳಗಿಳಿದು ಎಂಜಿನ್ನಿಗೆ ಹೋಗುತ್ತದೆ. ಅಂತಹ ಕಾರಿನಿಂದ ಬೇಗ ಹೊರಬರಲಾರದವನು ಅದರಲ್ಲಿ ಕೂರಬಾರದು. ಮೊದಲ ದಿನ ಗಡಿಯಾರ ಹಿಡಿದು ನೋಡಿದಾಗ ನನಗೆ ಹೊರಬರಲು ಹಿಡಿದದ್ದು 40 ಸೆಕೆಂಡು.

ಎತ್ತರದ ಮನುಷ್ಯ ಎಂದು ನಾವು ಒಂದೇ ಮಾತಿನಲ್ಲಿ ಹೇಳುತ್ತೇವೆ. ಆದರೆ ಕೂತಾಗ ಎತ್ತರದವರು ಎರಡು ಜಾತಿ. ನನ್ನ ತಮ್ಮನೂ ನನ್ನಷ್ಟೇ ಎತ್ತರ. ಆದರೆ ಅವನ ಎತ್ತರವೆಲ್ಲ ಬೆನ್ನಿನಲ್ಲಿದೆ, ನನ್ನದು ಕಾಲಿನಲ್ಲಿದೆ. ಅವನು ಕೂತರೆ ಕಣ್ಣು ಮುಂಗಾಜಿನ ಮೇಲಂಚಿಗೆ ಬರುತ್ತದೆ. ದಾರಿ ಕಾಣುವ ಬದಲು ಗಾಜಿನ ಚೌಕಟ್ಟು ಕಾಣುತ್ತದೆ, ಗಾಳಿ ನೇರವಾಗಿ ಮುಖಕ್ಕೆ ಹೊಡೆಯುತ್ತದೆ. ನಾನು ಕೂತರೆ ದಾರಿ ಚೆನ್ನಾಗಿ ಕಾಣುತ್ತದೆ. ಮೊಣಕಾಲು ಚಕ್ರಕ್ಕೆ ತಗಲುತ್ತದೆ. ಆದ್ದರಿಂದ ದರ್ಜಿಯಂತೆ ಅಳೆಯಬೇಕು. ಕೂತ ಜಾಗದಿಂದ ನೆತ್ತಿಗೆ, ಬೆನ್ನಿನಿಂದ ಮೊಣಕಾಲಿಗೆ, ಮೊಣಕಾಲಿನಿಂದ ಹಿಮ್ಮಡಿಗೆ, ಕೊನೆಗೆ ಪಾದದ ಉದ್ದ ಮತ್ತು ಅಗಲ. ಈ ನಾಲ್ಕು ಅಳತೆಗಳಿಲ್ಲದೆ ಕಾರಿಗೆ ಕೈ ಹಚ್ಚುವುದು ವ್ಯರ್ಥ.

ಬೆನ್ನು ಉದ್ದವಿದ್ದವನಿಗೆ ಆಸನವನ್ನು ಕೆಳಗಿಳಿಸಬೇಕು. ಮೆತ್ತೆಯಲ್ಲಿ ಒಂದಂಗುಲ ತೆಗೆದರೆ ತಲೆಗೆ ಒಂದಂಗುಲ ಸಿಗುತ್ತದೆ. ಒರಗನ್ನು ಇನ್ನೂ ಹತ್ತು ಡಿಗ್ರಿ ಹಿಂದಕ್ಕೆ ಬಾಗಿಸಿದರೆ ತಲೆ ಸುಮಾರು ಒಂದೂವರೆ ಅಂಗುಲ ಇಳಿಯುತ್ತದೆ. ಆದರೆ ಅದೇ ತಲೆ ಆರಂಗುಲದಷ್ಟು ಹಿಂದಕ್ಕೂ ಹೋಗುವುದರಿಂದ ತೋಳು ಚಕ್ರಕ್ಕೆ ಎಟುಕುವುದೇ ಎಂದು ನೋಡಿಕೊಳ್ಳಬೇಕು. ಕಾಲು ಉದ್ದವಿದ್ದವನಿಗೆ ಕೆಳಗಿಳಿಸುವುದರಿಂದ ಅರ್ಧ ಲಾಭ ಮಾತ್ರ. ಸೊಂಟ ಇಳಿದಷ್ಟೂ ಮೊಣಕಾಲು ಎದ್ದು ನಿಲ್ಲುತ್ತದೆ. ಅವನಿಗೆ ಬೇಕಾದುದು ಹಿಂದಕ್ಕೆ ಸರಿಯುವ ಜಾಗ. ಆಗ ಕಾಲು ನೀಡಿಕೊಂಡು ಮೊಣಕಾಲು ತಾನಾಗಿ ಕೆಳಗಿಳಿಯುತ್ತದೆ.

ಇದನ್ನೆಲ್ಲ ಲೆಕ್ಕ ಹಾಕಿ ಆಸನಗಳನ್ನು ಹಿರಿಯೂರಿಗೆ ಒಯ್ದೆ. ಹೆದ್ದಾರಿಯ ಊರಾದ್ದರಿಂದ ಲಾರಿಗಳ ಸೀಟು ಹೊಲಿಯುವ ಒಳ್ಳೆಯ ಕೆಲಸಗಾರರು ಅಲ್ಲಿದ್ದಾರೆ. ಅವರಲ್ಲೊಬ್ಬನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಸ್ವಾಮಿ, ಲಾರಿ ಸೀಟಾದರೆ ಈಗಲೇ ಮಾಡಿಕೊಡ್ತೀನಿ. ಇದು ತೊಟ್ಟಿಲ ಅಳತೆ" ಎಂದ. ಆದರೂ ಮನಸ್ಸಿಟ್ಟು ಮಾಡಿದ. ಹಳೆಯ ಆಸನವನ್ನು ಬಿಚ್ಚಬಾರದು, ಅದನ್ನು ಹಾಗೆಯೇ ಎತ್ತಿಟ್ಟು ಬೇರೊಂದನ್ನು ಮಾಡಬೇಕೆಂಬುದು ನನ್ನ ಷರತ್ತು. ತೆಳುವಾದ ಹಲಗೆಯ ಮೇಲೆ ಒಂದಂಗುಲದ ಮೆತ್ತೆ, ಒರಗಿಗೆ ಅರ್ಧ ಅಂಗುಲದ ಮೆತ್ತೆ. ಇದರಿಂದ ಕೆಳಕ್ಕೆ ಎರಡಂಗುಲ, ಹಿಂದಕ್ಕೆ ಎರಡೂವರೆ ಅಂಗುಲ ದೊರಕಿತು. ಸ್ಟಿಯರಿಂಗ್ ಚಕ್ರವನ್ನು 16 ಅಂಗುಲದ್ದರಿಂದ 14 ಅಂಗುಲದ್ದಕ್ಕೆ ಬದಲಾಯಿಸಿದಾಗ ತೊಡೆಯ ಮೇಲೆ ಇನ್ನೊಂದಂಗುಲ ಸಿಕ್ಕಿತು. ಚಕ್ರ ತಿರುಗಿಸಲು ಮಾತ್ರ ಮೊದಲಿಗಿಂತ ಬಲ ಬೇಕಾಯಿತು. ಹೊರಬರುವ ಸಮಯ 12 ಸೆಕೆಂಡಿಗೆ ಇಳಿಯಿತು.

ಇನ್ನೂ ಎಡ ಮೊಣಕಾಲು ಡ್ಯಾಶ್‌ಬೋರ್ಡಿನ ಕೆಳ ಅಂಚಿಗೆ ಒತ್ತುತ್ತಿತ್ತು. ನೋಡಲು ಬಂದಿದ್ದ ಮೆಕ್ಯಾನಿಕ್ಕೊಬ್ಬನು ಸುಲಭದ ದಾರಿ ಹೇಳಿದ. ಆ ತಗಡನ್ನು ಎರಡಂಗುಲ ಕತ್ತರಿಸಿ ಮೇಲಕ್ಕೆ ಮಡಿಸಿಬಿಡುವುದು. ಅರ್ಧ ದಿನದ ಕೆಲಸ. ಇಂತಹ ಉಪಾಯಕ್ಕೆ ದೊಡ್ಡ ಉದಾಹರಣೆಗಳೂ ಇವೆ. 1967ರ ಲೆ ಮಾನ್ಸ್ ಪಂದ್ಯಕ್ಕೆ ಫೋರ್ಡ್ ಕಾರಿನಲ್ಲಿ ಡ್ಯಾನ್ ಗರ್ನಿ ಎಂಬ ಎತ್ತರದ ಚಾಲಕನ ಶಿರಸ್ತ್ರಾಣಕ್ಕೆ ಎಡೆ ಸಾಲದಾದಾಗ, ಅವನ ತಲೆಯ ಮೇಲೆ ಮಾತ್ರ ಛಾವಣಿಯನ್ನು ಬುಗುಟಿನಂತೆ ಉಬ್ಬಿಸಿದರು. ಅವನೂ ಅವನ ಜೊತೆಗಾರ ಫಾಯ್ಟನೂ ಆ ಪಂದ್ಯವನ್ನು ಗೆದ್ದರು. ಆದರೆ ಅದು ಆ ಪಂದ್ಯಕ್ಕಾಗಿಯೇ ಕಟ್ಟಿದ ಕಾರು. ಕಟ್ಟಿದವರೇ ಅದನ್ನು ಮಾರ್ಪಡಿಸಿದರು.

ಮೇಷ್ಟ್ರು ಏನೂ ಹೇಳಲಿಲ್ಲ. "ನಿನಗೆ ಹೇಗೆ ಸರಿಯೋ ಹಾಗೆ ಮಾಡಪ್ಪಾ" ಎಂದು ಕಾರಿನ ಬಾಗಿಲ ಮೇಲೆ ಕೈಯಿಟ್ಟುಕೊಂಡು ನಿಂತರು. ಆ ತಗಡಿನ ಹಿಂದೆ ಪೆಟ್ರೋಲ್ ಟ್ಯಾಂಕಿದೆ ಎಂಬುದೊಂದು ಭಯ. ಅದಕ್ಕಿಂತ ಮಿಗಿಲಾಗಿ, ಕತ್ತರಿಸಿದ ತಗಡು ಮತ್ತೆ ಮೊದಲಿನಂತಾಗುವುದಿಲ್ಲ. ಒಂದು ದಿನದ ಮದುವೆಗಾಗಿ, ತನ್ನದಲ್ಲದ ಕಾಲಿಗಾಗಿ, ತೊಂಬತ್ತು ವರ್ಷಕ್ಕೂ ಹೆಚ್ಚು ಕಾಲ ಬಾಳಿದ ವಸ್ತು ತನ್ನ ರೂಪವನ್ನು ಏಕೆ ಕಳೆದುಕೊಳ್ಳಬೇಕು? ನಾಲ್ಕು ಬೋಲ್ಟು ಬಿಚ್ಚಿ ಹಿಂದಕ್ಕೆ ತರಬಹುದಾದುದನ್ನು ಮಾಡಬಹುದು, ಗರಗಸ ಬೇಕಾದುದನ್ನು ಮಾಡಬಾರದು ಎಂದು ನಾನು ಗೆರೆ ಎಳೆದೆ.

ಉಳಿದದ್ದು ಓಡಿಸಿ ನೋಡುವುದು. ನಮ್ಮ ಮನೆಯ ಹಿಂದಿನ ಬಯಲಿನಲ್ಲಿ ಒಂದು ಮುಂಜಾನೆ ಎಂಜಿನ್ ಚಾಲೂ ಮಾಡಿದೆವು. ಆಸ್ಟಿನ್ ಸೆವೆನ್ನಿನ ಕ್ಲಚ್ಚು ಹೆಸರಾದದ್ದು. ಅದರ ಪೆಡಲಿಗೆ ಚಲನೆಯೇ ಬಹಳ ಕಡಿಮೆ. ಹಿಡಿದರೆ ಹಿಡಿಯಿತು, ಬಿಟ್ಟರೆ ಬಿಟ್ಟಿತು. ಮಡಿಸಿದ ಉದ್ದ ಕಾಲಿನಿಂದ ಅಷ್ಟು ನವಿರಾದ ಕೆಲಸ ಆಗದು. ಕಾರು ಎರಡು ಬಾರಿ ನಿಂತಿತು, ಮೂರನೆಯ ಬಾರಿ ಕರುವಿನಂತೆ ನೆಗೆಯಿತು. ಪೆಡಲುಗಳು ಒತ್ತೊತ್ತಾಗಿದ್ದುದರಿಂದ 11ನೇ ನಂಬರಿನ ನನ್ನ ಬೂಟು ಎರಡನ್ನೂ ಒಮ್ಮೆಗೇ ಒತ್ತುತ್ತಿತ್ತು. ತೆಳುವಾದ ಕ್ಯಾನ್‌ವಾಸ್ ಬೂಟು ಹಾಕಿಕೊಂಡು ಆ ತೊಂದರೆಯನ್ನು ಕಳೆದುಕೊಂಡೆ. ಒಂದು ವಾರದಲ್ಲಿ ಕ್ಲಚ್ಚಿಗೂ ಕಾಲು ಪಳಗಿತು.

ಪಳಗದೆ ಉಳಿದದ್ದು ಒಂದೇ. 1930ರ ನಡುವಿನವರೆಗೆ ತಯಾರಾದ ಆಸ್ಟಿನ್ ಸೆವೆನ್ನುಗಳಲ್ಲಿ ಕಾಲಿನ ಬ್ರೇಕು ಹಿಂದಿನ ಎರಡು ಚಕ್ರಗಳನ್ನು ಮಾತ್ರ ಹಿಡಿಯುತ್ತದೆ. ಮುಂದಿನ ಚಕ್ರಗಳನ್ನು ಹಿಡಿಯುವುದು ಕೈಬ್ರೇಕು. ಚೆನ್ನಾಗಿ ನಿಲ್ಲಿಸಬೇಕಾದರೆ ಎರಡನ್ನೂ ಕೂಡಿಸಿಯೇ ಬಳಸಬೇಕು. ಆ ಕೈಬ್ರೇಕು ಇರುವುದು ಚಾಲಕನ ಎಡಗಡೆ, ನೆಲದ ಮೇಲೆ. ನನ್ನ ಎಡ ಮೊಣಕಾಲು ಸರಿಯಾಗಿ ಅದಕ್ಕೆ ಅಡ್ಡ. ಬಯಲಿನ ಇಳಿಜಾರಿನಲ್ಲಿ ತಮ್ಮನು ಇದ್ದಕ್ಕಿದ್ದಂತೆ ಕೈಯೆತ್ತಿ ನಿಲ್ಲಿಸೆಂದು ಸನ್ನೆ ಮಾಡಿದ. ನಾನು ಮೊಣಕಾಲನ್ನು ಹೊರಕ್ಕೆ ತಿರುಗಿಸಿ, ಕೈಯನ್ನು ಅದರ ಕೆಳಗೆ ತೂರಿಸಿ ಹಿಡಿ ಎಳೆಯುವಷ್ಟರಲ್ಲಿ ಕಾರು ಅವನನ್ನು ದಾಟಿ ಹೋಗಿತ್ತು. ಅವನು ಪಕ್ಕಕ್ಕೆ ನಿಂತಿದ್ದ ಕಾರಣ ಏನೂ ಆಗಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಾನು ಆ ಕಾರಿನೊಳಗೆ ಹಿಡಿಸುತ್ತಿದ್ದೆ, ನಿಜ. ಆದರೆ ಅರ್ಧ ಬ್ರೇಕಿನೊಂದಿಗೆ ಮಾತ್ರ.

ಅಂದು ಸಂಜೆಯೇ ಹೊಸದುರ್ಗಕ್ಕೆ ಹೋಗಿ ಮೇಷ್ಟ್ರಿಗೆ ನನ್ನಿಂದಾಗದೆಂದು ತಿಳಿಸಿದೆ. ಹೇಳಲು ಸಂಕೋಚವಾಯಿತು. ಅವರ ಮುಖ ಸಪ್ಪಗಾಯಿತು. ಒಳಗಿನಿಂದ ಕಾಫಿ ತಂದ ಅವರ ಮಗಳು ಲೋಟ ಇಟ್ಟು, "ಅಪ್ಪಾ, ನಾನು ಓಡಿಸಲಾ?" ಎಂದರು. ಇಷ್ಟು ದಿನ ಯಾರೂ ಅವರನ್ನು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅವರ ಎತ್ತರ 5 ಅಡಿ 2 ಅಂಗುಲ. ದಿನವೂ ಕಾರು ಓಡಿಸುವವರು.

ಹಿರಿಯೂರಿನ ಆಸನವನ್ನೂ ಚಿಕ್ಕ ಚಕ್ರವನ್ನೂ ಬಿಚ್ಚಿ, ಹಳೆಯವನ್ನೇ ಕೂರಿಸಲು ಒಂದು ಗಂಟೆ ಸಾಕಾಯಿತು. ಅವರು ಕೂತಾಗ ಮೊಣಕಾಲಿಗೂ ಚಕ್ರಕ್ಕೂ ನಡುವೆ ಒಂದು ಹಿಡಿ ಜಾಗ ಉಳಿದಿತ್ತು, ಎಡಗೈ ಇಳಿಬಿಟ್ಟರೆ ಕೈಬ್ರೇಕಿನ ಹಿಡಿ ಸಿಗುತ್ತಿತ್ತು. ಮದುವೆಯ ದಿನ ನಸುಕಿನಲ್ಲಿ, ಹೆದ್ದಾರಿಯನ್ನು ಬಿಟ್ಟು ಹೊಳಲ್ಕೆರೆಯ ಮಾರ್ಗವಾಗಿ ಅವರು ಕಾರನ್ನು ಚಿತ್ರದುರ್ಗಕ್ಕೆ ತಂದರು. ಪಕ್ಕದ ಆಸನದಲ್ಲಿ ಮೇಷ್ಟ್ರು ಪೇಟ ಹಾರದಂತೆ ಒಂದು ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು. ನಾನು ಹಿಂದಿನಿಂದ ಬಸ್ಸಿನಲ್ಲಿ ಬಂದೆ. ಬಸ್ಸಿನ ಸೀಟಿನಲ್ಲೂ ನನ್ನ ಮೊಣಕಾಲು ಮುಂದಿನ ಸೀಟಿಗೆ ಒತ್ತುತ್ತಲೇ ಇತ್ತು.