ಎರಡು ಭೂಮಿಗಳ ನಡುವಿನ ಇನ್ನೂರು ಮೀಟರ್

ಸ್ಕ್ಯಾನ್ ಮಾಡಿದ ನಕ್ಷೆ ಕಂಪ್ಯೂಟರಿನ ಪಾಲಿಗೆ ಬರೀ ಚಿತ್ರ. ಕೆರೆ, ಗುಡ್ಡ, ಬಂಡಿದಾರಿ ಎಲ್ಲ ಅದರಲ್ಲಿದ್ದರೂ ಯಾವ ಚುಕ್ಕೆ ಭೂಮಿಯ ಮೇಲೆ ಎಲ್ಲಿ ಬೀಳುತ್ತದೆ ಎಂಬುದು ಯಂತ್ರಕ್ಕೆ ತಿಳಿಯದು. ಅದನ್ನು ತಿಳಿಸಿಕೊಡುವ ಕೆಲಸವೇ ಜಿಯೋರೆಫರೆನ್ಸಿಂಗ್. ಕ್ಯೂಜಿಐಎಸ್, ಓಝಿಎಕ್ಸ್‌ಪ್ಲೋರರ್ ಮುಂತಾದ ತಂತ್ರಾಂಶಗಳಲ್ಲಿ ಅಕ್ಷಾಂಶ, ರೇಖಾಂಶ ಗೊತ್ತಿರುವ ಕೆಲವು ಬಿಂದುಗಳನ್ನು ಗುರುತಿಸಿದರೆ ಉಳಿದ ಚುಕ್ಕೆಗಳ ಲೆಕ್ಕವನ್ನು ತಂತ್ರಾಂಶವೇ ಮಾಡಿಕೊಳ್ಳುತ್ತದೆ. ಗಣಿತಕ್ಕೆ ಮೂರು ಬಿಂದು ಸಾಕು. ಆದರೆ ಕಾಗದ ತೇವಕ್ಕೆ ಹಿಗ್ಗುತ್ತದೆ, ಮಡಿಕೆಯಲ್ಲಿ ಸೊಟ್ಟಗಾಗುತ್ತದೆ. ಹಾಗಾಗಿ ಹಾಳೆಯ ಉದ್ದಗಲಕ್ಕೂ ಹತ್ತಾರು ಬಿಂದು ಹರಡುವುದು ಮೇಲು.

ಹೀಗೆ ಬಿಂದು ಗುರುತಿಸಲು ಸರ್ವೆ ಆಫ್ ಇಂಡಿಯಾದ ಟೋಪೋಶೀಟುಗಳು, ಅಂದರೆ ಸ್ಥಳಾಕೃತಿ ನಕ್ಷೆಯ ಹಾಳೆಗಳು, ಹೇಳಿ ಮಾಡಿಸಿದಂತಿವೆ. ಬೆಂಗಳೂರಿನ ಬಹುಭಾಗ ಇರುವ 57 ಎಚ್/9 ಹಾಳೆಯ ಮೂಲೆಗಳಲ್ಲಿ 12°45′, 13°00′, 77°30′, 77°45′ ಎಂದು ಅಚ್ಚಾಗಿಯೇ ಇರುತ್ತದೆ. ಇಲ್ಲಿ 12°45′ ಅನ್ನು 12.45 ಎಂದು ಟೈಪಿಸುವವರಿದ್ದಾರೆ. ಸರಿಯಾದ ಅಂಕಿ 12.75. ತಪ್ಪಾಗಿ ಟೈಪಿಸಿದರೆ ಆ ಬಿಂದು ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್ ದಕ್ಷಿಣಕ್ಕೆ ಜಾರುತ್ತದೆ. ಸ್ಕ್ಯಾನಿನ ಡಿಪಿಐ (ಇಂಚಿಗೆ ಇರುವ ಚುಕ್ಕೆಗಳ ಸಂಖ್ಯೆ) ಏರಿಸಿದಷ್ಟೂ ನಿಖರತೆ ಏರುತ್ತದೆ ಎಂಬುದು ಇನ್ನೊಂದು ಮೂಢನಂಬಿಕೆ. 1:50,000 ಅಳತೆಯ ಹಾಳೆಯಲ್ಲಿ 300 ಡಿಪಿಐಗೇ ಒಂದು ಚುಕ್ಕೆ ನೆಲದ ಮೇಲೆ ಸುಮಾರು ನಾಲ್ಕು ಮೀಟರ್. ಕಾಲು ಮಿಲಿಮೀಟರ್ ದಪ್ಪದ ಗೆರೆಯೇ ಹನ್ನೆರಡೂವರೆ ಮೀಟರ್ ಅಗಲವನ್ನು ನುಂಗಿರುತ್ತದೆ. ಅಚ್ಚಿನಲ್ಲಿ ಇಲ್ಲದ ವಿವರವನ್ನು ಸ್ಕ್ಯಾನರ್ ಹುಟ್ಟಿಸಲಾರದು.

ನಿಜವಾದ ಸೋಜಿಗ ಬೇರೆಯೇ ಇದೆ. ಎಲ್ಲವನ್ನೂ ತಪ್ಪಿಲ್ಲದೆ ಮಾಡಿದರೂ ಹಳೆಯ ಟೋಪೋಶೀಟಿನ ಮೇಲೆ ಜಿಪಿಎಸ್ ತೋರಿಸುವ ಜಾಗ ಬೆಂಗಳೂರಿನ ಆಸುಪಾಸಿನಲ್ಲಿ ಸುಮಾರು 200 ಮೀಟರ್ ಪಕ್ಕಕ್ಕೆ ಬೀಳುತ್ತದೆ. ದಂಡೆಯ ಮೇಲೆ ನಿಂತವನು ಕೆರೆಯ ನಡುವೆ ಕಾಣಿಸಿಕೊಳ್ಳಬಹುದು. ಜಿಪಿಎಸ್ ಕೆಟ್ಟಿದೆ, ನಕ್ಷೆ ಬರೆದವನು ಸೋಮಾರಿ ಎಂಬ ದೂರುಗಳೆರಡೂ ಸುಳ್ಳು. ಎರಡೂ ಸರಿಯಾಗಿಯೇ ಅಳೆದಿವೆ, ಅಳೆದ ಭೂಮಿಗಳು ಮಾತ್ರ ಬೇರೆ ಬೇರೆ.

ಭೂಮಿ ನುಣುಪಾದ ಗುಂಡಲ್ಲವಾದ್ದರಿಂದ ನಕ್ಷೆಗಾರರು ಅದರ ಬದಲಿಗೆ ಗಣಿತದ ಒಂದು ಆಕಾರವನ್ನು ಇಟ್ಟುಕೊಳ್ಳುತ್ತಾರೆ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಲ್ಲಿ ಆರಂಭಿಸಿದ ಮಹಾ ತ್ರಿಕೋನಮಿತಿ ಸಮೀಕ್ಷೆಯನ್ನು ಜಾರ್ಜ್ ಎವರೆಸ್ಟ್ ಮುಂದುವರಿಸಿದ. ಎವರೆಸ್ಟ್ 1830ರಲ್ಲಿ ಲೆಕ್ಕ ಹಾಕಿದ ಆಕಾರವನ್ನು ಮಧ್ಯಪ್ರದೇಶದ ಕಲ್ಯಾಣಪುರ ಎಂಬಲ್ಲಿ ನೆಲಕ್ಕೆ ಹೊಂದಿಸಿ ಭಾರತದ ನಕ್ಷೆಗಳು ಬೆಳೆದವು. ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84 ಎಂಬ ಆಕಾರ. ಅದರ ಕೇಂದ್ರ ಭೂಮಿಯ ರಾಶಿಕೇಂದ್ರ, ಸಮಭಾಜಕ ತ್ರಿಜ್ಯ 63,78,137 ಮೀಟರ್. ಎವರೆಸ್ಟನ ಆಕಾರದ ತ್ರಿಜ್ಯ ಇದಕ್ಕಿಂತ 800ಕ್ಕೂ ಹೆಚ್ಚು ಮೀಟರ್ ಕಡಿಮೆ, ಕೇಂದ್ರವೂ ಕೆಲವು ನೂರು ಮೀಟರ್ ಆಚೆ. ಸರಪಳಿ, ಥಿಯೊಡೊಲೈಟ್ ಹಿಡಿದು ಕಾಡು ಮೇಡು ಅಲೆದವರ ಲೆಕ್ಕ ಇಷ್ಟು ಹತ್ತಿರ ಬಂದದ್ದೇ ದೊಡ್ಡದು.

ಪರಿಹಾರ ಸರಳ: ಬಿಂದುಗಳನ್ನು ಗುರುತಿಸುವ ಮೊದಲು ಹಾಳೆಯ ಡೇಟಮ್ (ಅದು ಬಳಸಿದ ಆಕಾರ ಮತ್ತು ಅದನ್ನು ನೆಲಕ್ಕೆ ಹೊಂದಿಸಿದ ಬಗೆ) 'ಎವರೆಸ್ಟ್' ಎಂದು ತಂತ್ರಾಂಶಕ್ಕೆ ಹೇಳಿದರೆ ಪರಿವರ್ತನೆ ತಾನಾಗಿ ಆಗುತ್ತದೆ.

ಇಷ್ಟಾದರೂ ಸ್ಕ್ಯಾನ್ ಮಾಡಿದ ಹಾಳೆ ದಾರಿ ಹೇಳುವ ನಕ್ಷೆಯಲ್ಲ. ಅದಕ್ಕೆ ರಸ್ತೆಗಳನ್ನು ಒಂದೊಂದಾಗಿ ಗೆರೆಗಳಾಗಿ ಎಳೆದು, ಕೂಡುವಲ್ಲಿ ಗಂಟು ಹಾಕಬೇಕು. ಮೇಲ್ಸೇತುವೆ ದಾಟುವಲ್ಲಿ ಗಂಟು ಹಾಕಿದರೆ ತಂತ್ರಾಂಶ ಸೇತುವೆಯಿಂದ ಕೆಳಗಿನ ರಸ್ತೆಗೆ ನೇರ ತಿರುಗಲು ಹೇಳುತ್ತದೆ.

ಡೇಟಮ್ ಪರಿವರ್ತನೆ ಎಲ್ಲ ಹಾಳೆಗಳಿಗೂ ಬೇಕಿಲ್ಲ: 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರದ ಓಪನ್ ಸೀರೀಸ್ ಹಾಳೆಗಳು ಡಬ್ಲ್ಯುಜಿಎಸ್ 84ರಲ್ಲೇ ಇವೆ. ಯಾವ ಹಾಳೆ ಯಾವ ಕಾಲದ್ದೆಂದು ತಿಳಿಯಲು ಆವೃತ್ತಿ ಮತ್ತು ಸಮೀಕ್ಷೆಯ ವರ್ಷ ಬೇಕು. ಅವು ಅಚ್ಚಾಗಿರುವುದು ಹಾಳೆಯ ಅಂಚಿನಲ್ಲಿ. ಚಿತ್ರ ಚೆಂದ ಕಾಣಲೆಂದು ಆ ಅಂಚನ್ನು ಕತ್ತರಿಸಬಾರದು.